ಊಟದ ಹೊತ್ತಿನ ಉಷ್ಣ

ಯಲ್ಲಾಪುರದ ಹೆದ್ದಾರಿ ಪಕ್ಕದ ನಮ್ಮ ಔಷಧದಂಗಡಿಗೆ ಮಧ್ಯಾಹ್ನ ಒಂದು ಗಂಟೆಯ ಮೇಲೆ ಬರುವ ಒಂದು ಬಗೆಯ ಗಂಡಸರಿದ್ದಾರೆ. ಅವರು ಹನ್ನೆರಡೂ ಮುಕ್ಕಾಲಿಗೇ ಬಂದಿರುತ್ತಾರೆ. ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಕೂತು, ಓದಿ ಮುಗಿಸಿದ ಪೇಪರನ್ನೇ ಮತ್ತೆ ಮಡಚಿ ಓದುತ್ತ, ನಮ್ಮ ಕೌಂಟರಿನ ಕಡೆ ಕಣ್ಣು ಹಾಯಿಸುತ್ತಿರುತ್ತಾರೆ. ಧೈರ್ಯ ಸ್ವಲ್ಪ ಹೆಚ್ಚಿದ್ದವನು ಎದ್ದು ಬಂದು ಎರಡು ಕೆಮ್ಮಿನ ಪೆಪ್ಪರಮಿಂಟು ಕೊಳ್ಳುತ್ತಾನೆ. ಹತ್ತು ನಿಮಿಷ ಬಿಟ್ಟು ಬಂದು ಇನ್ನೆರಡು. ನಾನು ಕೊಡೆ ತೆಗೆದುಕೊಂಡು ಮೆಟ್ಟಿಲಿಳಿದು ನಮ್ಮ ಮನೆಯ ಓಣಿಗೆ ತಿರುಗಿದೆನೋ ಇಲ್ಲವೋ, ಬೆಂಚು ಖಾಲಿಯಾಗಿ ಅವರೆಲ್ಲ ಕೌಂಟರಿನ ಮುಂದೆ ನಿಂತಿರುತ್ತಾರೆ.

ಕಾರಣ ಇಷ್ಟೇ, ನಾನು ಹೆಂಗಸು. ಗೋಡೆಯ ಮೇಲೆ ಗಾಜು ಹಾಕಿಸಿ ತೂಗುಹಾಕಿರುವ ಫಾರ್ಮಸಿ ಡಿಪ್ಲೊಮಾ ನನ್ನದು, ಅಂಗಡಿ ಯಜಮಾನರದು. ಹದಿನೇಳು ವರ್ಷದಿಂದ ಇದೇ ವ್ಯವಸ್ಥೆ. ಕಾಯದೆಯ ಪ್ರಕಾರ ಮಾತ್ರೆ ಎತ್ತಿ ಕೊಡಬೇಕಾದವಳು ನಾನು. ಆದರೆ ಮೂತ್ರ ಮಾಡುವಾಗ ಉರಿಯುತ್ತದೆ, ಒಳಬಟ್ಟೆಗೆ ಕೀವು ಅಂಟುತ್ತದೆ ಎಂದು ಓದಿದ ಹೆಂಗಸೊಬ್ಬಳ ಮುಂದೆ ಹೇಳಿದರೆ ಈ ಮಹಾಶಯರ ಮಾನ ಹೋಗುತ್ತದೆ. ಆ ರೋಗ ತರಲು ಹೋದಲ್ಲಿ ಹೋಗದ ಮಾನ ನಮ್ಮ ಕೌಂಟರಿನ ಮುಂದೆ ಹೋಗುತ್ತದೆ.

ಹೋಗಲಿ, ಯಜಮಾನರಿಗಾದರೂ ಬಾಯಿಬಿಟ್ಟು ಹೇಳುತ್ತಾರೆಯೇ? ಅದೂ ಇಲ್ಲ. ಅವರಿಗೆ ಒಂದೇ ಶಬ್ದ ಸಾಕು, ಉಷ್ಣ. ನಮ್ಮ ಘಟ್ಟದ ಮೇಲೆ ಎಲ್ಲವೂ ಉಷ್ಣವೇ. ಹಲಸಿನ ಹಣ್ಣು ತಿಂದು ಉಷ್ಣ, ನಿದ್ದೆಗೆಟ್ಟು ಉಷ್ಣ, ಅರಬೈಲ್ ಘಟ್ಟ ಹತ್ತುವಾಗ ಬೈಕಿನ ಸೀಟು ಕಾದು ಉಷ್ಣ. ಜುಲೈ ತಿಂಗಳಲ್ಲಿ, ಹಗ್ಗಕ್ಕೆ ಹಾಕಿದ ಅಂಗಿ ನಾಲ್ಕು ದಿನವಾದರೂ ಒಣಗದೆ ಮುಗ್ಗುಲು ವಾಸನೆ ಹೊಡೆಯುವಾಗಲೂ ಇವರಿಗೆ ಉಷ್ಣ. ಮನೆಯಲ್ಲಿ ಹೆಂಡತಿ ಪಾಪ, ಒಂದೆಲಗದ ತಂಬುಳಿ ಮಾಡುತ್ತಾಳೆ, ಲಾವಂಚದ ನೀರು ಕುಡಿಸುತ್ತಾಳೆ, ಕಾಮಕಸ್ತೂರಿ ಬೀಜ ನೆನೆಹಾಕಿ ಕೊಡುತ್ತಾಳೆ. ಅವಳು ಗಂಡನ ಉಷ್ಣ ಇಳಿಸುವ ಚಿಂತೆಯಲ್ಲಿದ್ದಾಗ ಗಂಡ ಅದನ್ನು ಅವಳಿಗೂ ದಾಟಿಸಿ ಆಗಿರುತ್ತದೆ.

ಉರಿಯೆಲ್ಲ ಕೆಟ್ಟ ರೋಗವಲ್ಲ ಎಂದು ನಾನೂ ಬಲ್ಲೆ. ನೀರು ಕಡಿಮೆ ಕುಡಿದರೂ ಉರಿಯುತ್ತದೆ, ಮೂತ್ರದಲ್ಲಿ ಕಲ್ಲಾದರೂ ಉರಿಯುತ್ತದೆ. ಪರೀಕ್ಷೆ ಮಾಡಿಸಿದರೆ ಯಾವುದು ಏನೆಂದು ತಿಳಿಯುತ್ತದೆ. ಆದರೆ ಪರೀಕ್ಷೆ ಎಂದರೆ ಲ್ಯಾಬಿನಲ್ಲಿ ಹೆಸರು ಬರೆಸಬೇಕು. ಲ್ಯಾಬಿನ ಹುಡುಗಿ ಪಕ್ಕದ ಮನೆಯವಳು, ಅವಳ ಅತ್ತೆ ಇವರ ಅತ್ತಿಗೆಗೆ ಪರಿಚಯ. ಹಾಗಾಗಿ ಉಷ್ಣವೇ ಅನುಕೂಲ. ಬಸ್ ಸ್ಟ್ಯಾಂಡಿನ ಶೌಚಾಲಯದ ಗೋಡೆಗೆ ಅಂಟಿಸಿದ ಗುಪ್ತರೋಗದ ಜಾಹೀರಾತನ್ನು ನಿಂತಲ್ಲೇ ಪೂರ್ತಿ ಓದುತ್ತಾರೆ, ಡಾಕ್ಟರ ಬಾಗಿಲು ಮಾತ್ರ ತಟ್ಟುವುದಿಲ್ಲ.

ಊರಿನಲ್ಲಿ ಇದಕ್ಕೆ ಲಾರಿಯವರ ಕಾಯಿಲೆ ಎಂದು ಹೆಸರು. ಹೆದ್ದಾರಿ ಇದೆ, ಮರದ ನಾಟಾ ಸಾಗಿಸುವ ಲಾರಿಗಳು ಸಾಲುಗಟ್ಟಿ ನಿಲ್ಲುತ್ತವೆ, ಹಾಗಾಗಿ ಕೆಟ್ಟದ್ದೆಲ್ಲ ಲಾರಿಯಲ್ಲೇ ಬಂದಿಳಿಯಬೇಕು ಎಂಬುದು ನಮ್ಮವರ ಗಟ್ಟಿ ನಂಬಿಕೆ. ಬೆಂಚಿನ ಮೇಲೆ ನಾನು ಕಂಡವರು ಬೇರೆ. ಮಕ್ಕಳಿಗೆ ಶಿಸ್ತು ಕಲಿಸುವ ಮಾಸ್ತರರೊಬ್ಬರಿದ್ದರು. ಯಾವ ಸಭೆಯಲ್ಲಿ ಮೈಕು ಸಿಕ್ಕರೂ ನಮ್ಮ ಸಂಸ್ಕೃತಿ ಹಾಳಾಯಿತೆಂದು ಮರುಗುವವರೊಬ್ಬರಿದ್ದರು. ಹೆಂಡತಿಯ ಮೊಬೈಲಿಗೆ ಯಾರ ಫೋನು ಬಂತೆಂದು ದಿನವೂ ಪರೀಕ್ಷಿಸುವವರೊಬ್ಬರಿದ್ದರು. ಅವರು ವರ್ಷದಲ್ಲಿ ಮೂರು ಸಲ ಬಂದರು.

ಯಜಮಾನರ ಬಳಿ ಒಂದು ಕತ್ತರಿ ಇತ್ತು. ಕಳೆದುಹೋಗಬಾರದೆಂದು ದಾರ ಕಟ್ಟಿ ಕೌಂಟರಿನ ಮೊಳೆಗೆ ತೂಗುಹಾಕಿದ್ದರು. ಉಷ್ಣ ಎಂದವನನ್ನು ಅವರು ಏನೂ ಕೇಳುವುದಿಲ್ಲ. ಎಷ್ಟು ದಿನದಿಂದ, ಕೀವು ಇದೆಯೇ, ಹೆಂಡತಿಗೆ ಹೇಗಿದೆ, ಯಾವುದೂ ಇಲ್ಲ. ಕಪಾಟಿನಿಂದ ಹತ್ತು ಮಾತ್ರೆಯ ಒಂದು ಪಟ್ಟಿ ತೆಗೆದು ಅದರಲ್ಲಿ ನಾಲ್ಕು ಕತ್ತರಿಸಿ ಕಾಗದದ ಪೊಟ್ಟಣದಲ್ಲಿ ಹಾಕಿ ಕೊಡುತ್ತಾರೆ. ಆ ಮಾತ್ರೆ ದಿನಕ್ಕೆರಡರಂತೆ ಏಳು ದಿನ, ಹದಿನಾಲ್ಕು ನುಂಗಬೇಕಾದದ್ದು. ನಾಲ್ಕರಲ್ಲಿ ಉರಿ ಕಡಿಮೆಯಾಗುತ್ತದೆ. ಉರಿ ಕಡಿಮೆಯಾದ ಮೇಲೆ ರೋಗ ಎಲ್ಲಿ ಉಳಿಯಿತು ಎನ್ನುವುದು ಇವರ ವೈದ್ಯಶಾಸ್ತ್ರ. ಮೂರು ತಿಂಗಳಲ್ಲಿ ಮತ್ತೆ ಬೆಂಚು, ಮತ್ತೆ ಪೆಪ್ಪರಮಿಂಟು.

ಒಂದು ಸಲ ನಾನು ಯಜಮಾನರಿಗೆ ಹೇಳಿದ್ದೆ. ಚೀಟಿ ಇಲ್ಲದೆ ಇದನ್ನು ಕೊಡಬಾರದು, ಕೊಟ್ಟರೂ ಹೀಗೆ ಅರ್ಧಂಬರ್ಧ ಕೊಡಬಾರದು, ಒಬ್ಬರಿಗೇ ಕೊಟ್ಟು ಇನ್ನೊಬ್ಬರನ್ನು ಬಿಟ್ಟರೆ ಅದು ಇಬ್ಬರ ನಡುವೆ ಓಡಾಡುತ್ತಲೇ ಇರುತ್ತದೆ ಎಂದೆ. ಅವರು ಕನ್ನಡಕ ಮೇಲೆತ್ತಿ ನನ್ನನ್ನು ಮಗುವನ್ನು ನೋಡಿದಂತೆ ನೋಡಿದರು.

"ಉಷ್ಣ ಹೇಳಿ ಬತ್ತ, ಮಾತ್ರೆ ತಗಂಡು ಹೋಗ್ತ. ಉಳದ್ದೆಲ್ಲ ನಮಗೆಂತಕ್ಕೆ ತಂಗಿ?" ಎಂದರು.

ನಾನು ಮತ್ತೆ ಆ ಮಾತು ಎತ್ತಲಿಲ್ಲ. ಮನೆಗೆ ಹೋಗಿ ನಿಧಾನವಾಗಿ ಊಟ ಮಾಡುತ್ತಿದ್ದೆ. ಇವತ್ತು ಬೆಂಚಿನ ಮೇಲೆ ಯಾರಿದ್ದರೆಂದು ನನ್ನ ಗಂಡನಿಗೆ ಹೇಳಿ ಇಬ್ಬರೂ ನಗುತ್ತಿದ್ದೆವು. ಎರಡು ಗಂಟೆಗೆ ತಿರುಗಿ ಬಂದಾಗ ಡ್ರಾವರಿನಲ್ಲಿ ಆರು ಮಾತ್ರೆಯ ತುಂಡುಪಟ್ಟಿಗಳು ಇರುತ್ತಿದ್ದವು. ಅವುಗಳನ್ನು ನೋಡಿಯೇ ಅವತ್ತು ಎಷ್ಟು ಜನ ಬಂದಿದ್ದರೆಂದು ಗೊತ್ತಾಗುತ್ತಿತ್ತು. ಈ ಗಂಡಸರನ್ನು ಕಂಡು ನಾನು ಹೇಸುತ್ತಿದ್ದೆ. ಹೇಸಿಕೊಂಡರೆ ನನ್ನ ಕೆಲಸ ಮುಗಿಯಿತೆಂದೂ ತಿಳಿದಿದ್ದೆ.

ಹದಿನೇಳು ವರ್ಷದಲ್ಲಿ ಒಬ್ಬನೇ ಒಬ್ಬ ಗಂಡಸು ಬೆಳಗಿನ ಹನ್ನೊಂದು ಗಂಟೆಗೆ, ನಾಲ್ಕು ಜನ ಗಿರಾಕಿಗಳಿರುವಾಗ, ನೇರ ನನ್ನ ಕೌಂಟರಿಗೇ ಬಂದ. ಅವನು ಲಾರಿ ಚಾಲಕ. ಹಾವೇರಿ ಕಡೆಯವನು. ಉಳಿದವರು ಹೋಗುವವರೆಗೆ ಬದಿಗೆ ನಿಂತು, ಆಮೇಲೆ ತಲೆ ತಗ್ಗಿಸದೆ ಹೇಳಿದ.

"ಅಕ್ಕಾರ, ತಪ್ಪು ಮಾಡೇನ್ರಿ. ನನಗೂ ಔಷಧ ಬೇಕು, ನನ್ನ ಹೆಂಡ್ತಿಗೂ ಬೇಕು."

ಆ ಹೊತ್ತಿಗೆ ನನಗೇ ನಾಚಿಕೆಯಾಯಿತು. ಮಾತ್ರೆ ನಾನು ಕೊಡುವಂತಿಲ್ಲ, ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೇ ಒಂದು ಕೋಣೆ ಇದೆ, ಅಲ್ಲಿ ಬೈಯುವುದಿಲ್ಲ, ಔಷಧ ಪುಕ್ಕಟೆ ಎಂದು ದಾರಿ ತೋರಿಸಿದೆ. ಸಂಜೆ ಹೋಗುವ ಮುಂಚೆ ಅವನು ಮತ್ತೆ ಬಂದ. ಕೈಯಲ್ಲಿ ಬೂದು ಬಣ್ಣದ ಎರಡು ಔಷಧದ ಪೆಟ್ಟಿಗೆ. ಒಂದು ಅವನಿಗೆ, ಒಂದು ಅವಳಿಗೆ. ಇಬ್ಬರೂ ಔಷಧ ತೆಗೆದುಕೊಂಡು ಏಳು ದಿನ ಕೂಡಬಾರದೆಂದು ಅಲ್ಲಿ ಹೇಳಿದ್ದಾರಂತೆ, ಮುಂದೆ ಕಾಂಡೋಮ್ ಬಳಸಬೇಕೆಂದು ಕೊಟ್ಟಿದ್ದಾರಂತೆ, ಎಚ್‌ಐವಿ ಮತ್ತು ಸಿಫಿಲಿಸ್ ಪರೀಕ್ಷೆಗೆ ರಕ್ತವನ್ನೂ ಕೊಟ್ಟು ಬಂದನಂತೆ. ಹೆಂಡತಿಗೆ ಏನು ಹೇಳುವುದೆಂಬುದೊಂದೇ ಅವನ ಚಿಂತೆ. ಇದ್ದದ್ದನ್ನು ಹೇಳು ಎಂದೆ. ಹೊಡೆದರೂ ಹೊಡೆಸಿಕೊಳ್ಳುತ್ತೇನೆ ಎಂದು ಲಾರಿ ಹತ್ತಿದ. ಲಾರಿಯವರ ಕಾಯಿಲೆ ಎನ್ನುವ ನಮ್ಮ ಬೆಂಚಿನವರು ಒಟ್ಟು ಸೇರಿದರೂ ಆ ಮನುಷ್ಯನಿಗೆ ಸಮನಾಗಲಾರರು.

ಇನ್ನು ಯಜಮಾನರ ಮಗನ ವಿಷಯ. ಅಂಗಡಿಗೆ ಮಾಲು ತರಲು ವಾರಕ್ಕೊಮ್ಮೆ ಹುಬ್ಬಳ್ಳಿಗೆ ಹೋಗುತ್ತಾನೆ. ಬೆಳಿಗ್ಗೆ ಹೋಗಿ ಸಂಜೆ ಬರಬಹುದಾದ ಕೆಲಸಕ್ಕೆ ಅಲ್ಲೇ ಉಳಿದು ಮರುದಿನ ಬರುತ್ತಾನೆ. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಕನ್ನಡಕ ಮರೆತು ಅರ್ಧ ದಾರಿಯಿಂದ ಅಂಗಡಿಗೆ ವಾಪಸು ಬಂದೆ. ಯಜಮಾನರು ಒಳಗೆ ಊಟಕ್ಕೆ ಕೂತಿದ್ದರು. ಮಗ ಕೌಂಟರಿನ ಹಿಂದೆ ನಿಂತು ಅದೇ ಕತ್ತರಿಯಿಂದ ಅದೇ ಪಟ್ಟಿಯ ನಾಲ್ಕು ಮಾತ್ರೆ ಕತ್ತರಿಸುತ್ತಿದ್ದ. ಎದುರಿಗೆ ಗಿರಾಕಿ ಇರಲಿಲ್ಲ. ನನ್ನನ್ನು ಕಂಡು ಮಾತ್ರೆಯನ್ನು ಜೇಬಿಗೆ ಹಾಕಿಕೊಂಡು, ಬಹಳ ಉಷ್ಣವಪ್ಪ ಈ ಸಲ ಎಂದು ಫ್ಯಾನು ಜೋರು ಮಾಡಿದ. ಔಷಧದಂಗಡಿಯಲ್ಲೇ ಹುಟ್ಟಿ ಬೆಳೆದವನಿಗೂ ಅದೇ ಶಬ್ದ, ಅದೇ ನಾಲ್ಕು ಮಾತ್ರೆ. ನನಗೆ ನಗು ಬಂತು. ಕನ್ನಡಕ ತೆಗೆದುಕೊಂಡು ಹೋದೆ, ಅವತ್ತು ಊಟದ ಹೊತ್ತಿಗೆ ಅದನ್ನೇ ಹೇಳಿ ನಕ್ಕೆವು.

ಅವನಿಗೆ ಮದುವೆಯಾಗಿ ಆಗ ಹತ್ತು ತಿಂಗಳಾಗಿತ್ತು. ಸೊಸೆ ಸಿದ್ದಾಪುರದ ಕಡೆಯ ಹುಡುಗಿ. ಬಿ.ಕಾಂ. ಓದಿದವಳು. ಮನೆ ಅಂಗಡಿಯ ಹಿಂದೆಯೇ ಆದ್ದರಿಂದ ಸಂಜೆ ಬಂದು ನನ್ನ ಪಕ್ಕ ಸ್ಟೂಲಿನ ಮೇಲೆ ಕೂತು ಔಷಧಗಳ ಹೆಸರು ಕಲಿಯುತ್ತಿದ್ದಳು. ನನ್ನನ್ನು ಅಕ್ಕಾ ಎನ್ನುತ್ತಿದ್ದಳು. ಇಷ್ಟು ಹತ್ತಿರ ಕೂತವಳಿಗೂ ನಾನು ಹೇಳಲಿಲ್ಲ. ಅದು ಗಂಡ ಹೆಂಡತಿಯ ವಿಷಯ, ಯಜಮಾನರ ಮನೆಯ ಮರ್ಯಾದೆ, ನನ್ನ ಕೆಲಸ ಹೋದೀತು ಎಂದೆಲ್ಲ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಉಷ್ಣ ಎನ್ನುವವರ ಹಾಗೆ ನನ್ನ ಬಳಿಯೂ ಶಬ್ದಗಳಿದ್ದವು.

ಮದುವೆಯಾಗಿ ವರ್ಷ ಒಂದೂವರೆಯಾಯಿತು, ಎರಡಾಯಿತು, ಬಸಿರಾಗಲಿಲ್ಲ. ಅತ್ತೆ ತನಿಖೆ ನಡೆಸಿ ತೀರ್ಪು ಕೊಟ್ಟರು. ಸೊಸೆಯ ಮೈ ಉಷ್ಣ, ಅದಕ್ಕೇ ಗರ್ಭ ನಿಲ್ಲುತ್ತಿಲ್ಲ. ಮಗನಿಗೆ ನೆಪವಾಗಿದ್ದ ಶಬ್ದ ಸೊಸೆಗೆ ಅಪರಾಧವಾಯಿತು. ದಿನಕ್ಕೆರಡು ಎಳನೀರು, ಬೆಳಿಗ್ಗೆ ಎದ್ದ ಕೂಡಲೇ ಕೊತ್ತಂಬರಿ ನೀರು, ಕಾಫಿ ಬಂದ್, ಮಾವಿನಹಣ್ಣು ಬಂದ್. ನೆಂಟರ ಮನೆಯ ಬಸುರಿಗೆ ಹೂ ಮುಡಿಸಲು ಹೋದಾಗ ಇವಳನ್ನು ಅಡುಗೆ ಮನೆಯಲ್ಲೇ ಕೂರಿಸಿದರು. ಮಗನನ್ನು ಒಂದು ಪರೀಕ್ಷೆಗೆ ಕಳಿಸುವ ಯೋಚನೆ ಆ ಮನೆಯಲ್ಲಿ ಯಾರಿಗೂ ಬರಲಿಲ್ಲ. ಅವನಿಗೆ ಏನಾಗಿದೆ, ಗಂಡಸು, ಕಲ್ಲಿನ ಹಾಗಿದ್ದಾನೆ.

ಕಳೆದ ಮಳೆಗಾಲದಲ್ಲಿ ಒಂದು ದಿನ ಅವಳು ಹೊಟ್ಟೆ ಹಿಡಿದುಕೊಂಡು ಅಂಗಡಿಗೆ ಬಂದಳು. ಮುಖ ಬಾಡಿತ್ತು, ಸಣ್ಣಗೆ ಜ್ವರವಿತ್ತು.

"ಅಕ್ಕಾ, ಕೆಳಹೊಟ್ಟೆ ನೋವು ಹೋಗ್ತಾನೇ ಇಲ್ಲೆ. ಮೂರು ತಿಂಗಳಾತು. ಎಂತಾರೂ ಮಾತ್ರೆ ಇದ್ದಾ?"

ಬಿಳಿ ಹೋಗುತ್ತದೆಯೇ ಎಂದು ಕೇಳಿದೆ. ತಲೆಯಾಡಿಸಿದಳು. ಅತ್ತೆಗೆ ಹೇಳಿದ್ದಳಂತೆ, ಉಷ್ಣಕ್ಕೆ ಹಾಗಾಗುತ್ತದೆ ಎಂದಿದ್ದರಂತೆ. ನೋವಿನ ಮಾತ್ರೆಯ ಡಬ್ಬಿಯವರೆಗೆ ಹೋದ ನನ್ನ ಕೈ ಅಲ್ಲೇ ನಿಂತಿತು. ಮಾತ್ರೆ ಕೊಡುವುದಿಲ್ಲ, ನಾಳೆ ನನ್ನ ಜೊತೆ ಶಿರಸಿಗೆ ಬಾ ಎಂದೆ. ಯಲ್ಲಾಪುರದಲ್ಲೇ ತೋರಿಸಬಹುದಿತ್ತು. ಆದರೆ ಅಷ್ಟರಲ್ಲಿ ಅತ್ತೆಗೆ ಸುದ್ದಿ ಮುಟ್ಟಿ ಅವರು ಮತ್ತೊಂದು ಎಳನೀರು ಒಡೆಯುತ್ತಿದ್ದರು.

ಬಸ್ಸು ಮಂಚಿಕೇರಿ ದಾಟಿದ ಮೇಲೆ ಅವಳಿಗೆ ರೋಗದ ಬಗ್ಗೆ ಹೇಳಿದೆ. ಗಂಡನ ಹೆಸರೆತ್ತದೆ, ಪಾಠ ಹೇಳಿದ ಹಾಗೆ ಹೇಳಿದೆ. ಕ್ಲಮಿಡಿಯಾ ಎಂಬುದೊಂದಿದೆ, ಅದೊಂದು ಬ್ಯಾಕ್ಟೀರಿಯಾ, ಕೂಡುವುದರಿಂದ ಹರಡುತ್ತದೆ. ಅದರ ಜೊತೆಗಾರ ಗೊನೋರಿಯಾ. ಗಂಡಸಿಗೆ ಹಲವು ಸಲ ಉರಿಯಾಗಿಯೋ ಕೀವಾಗಿಯೋ ಕಾಣಿಸಿಕೊಳ್ಳುತ್ತದೆ. ಹೆಂಗಸಿಗೆ ಎಷ್ಟೋ ಸಲ ಏನೂ ಕಾಣಿಸುವುದಿಲ್ಲ. ಸುಮ್ಮನೆ ಒಳಗೊಳಗೇ ಮೇಲೆ ಹತ್ತಿ ಗರ್ಭನಾಳಕ್ಕೆ ಸೇರುತ್ತದೆ. ಬೇಗ ತಿಳಿದರೆ ಕ್ಲಮಿಡಿಯಾ ಒಂದು ವಾರದ ಮಾತ್ರೆಯಲ್ಲಿ ಗುಣವಾಗುವಂಥದ್ದು. ತಡವಾದರೆ ಬ್ಯಾಕ್ಟೀರಿಯಾ ಸತ್ತರೂ ನಾಳದಲ್ಲಿ ಅದು ಮಾಡಿದ ಗಾಯ ಉಳಿಯುತ್ತದೆ. ಅವಳು ಕಿಟಕಿಯ ಕಡೆ ಮುಖ ಮಾಡಿ ಕೇಳಿಸಿಕೊಂಡಳು.

ಹೆಂಗಸು ಡಾಕ್ಟರು ಒಳಗೆ ಪರೀಕ್ಷೆ ಮಾಡಿ, ಮಾದರಿ ತೆಗೆದು ಹುಬ್ಬಳ್ಳಿಗೆ ಕಳಿಸಿದರು. ವರದಿಗೆ ಕಾಯುವುದು ಬೇಡವೆಂದು ಅವತ್ತೇ ಹದಿನಾಲ್ಕು ದಿನದ ಔಷಧ ಶುರು ಮಾಡಿಸಿದರು. ವರದಿ ಬಂದಾಗ ಅದರಲ್ಲಿ ಕ್ಲಮಿಡಿಯಾ ಇತ್ತು. ಗಂಡನೂ ಬಂದು ತೋರಿಸಿ ಪೂರ್ತಿ ಔಷಧ ತೆಗೆದುಕೊಳ್ಳಬೇಕು, ಇಬ್ಬರದೂ ಮುಗಿಯುವವರೆಗೆ ಬೇರೆ ಮಲಗಬೇಕು, ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಬೇಕು, ಗಂಡ ಬಾರದಿದ್ದರೆ ನೀನು ನುಂಗಿದ್ದು ನೀರಿಗೆ ಹಾಕಿದ ಹಾಗೆ ಎಂದು ಡಾಕ್ಟರು ಖಡಾಖಂಡಿತ ಹೇಳಿದರು.

ಅವಳು ವರದಿಯನ್ನು ಗಂಡನ ಮುಂದೆ ಹಿಡಿದಳಂತೆ. ಅವನು ಅದನ್ನು ಓದಿ, ಮಡಚಿ ವಾಪಸು ಕೊಟ್ಟು, ತನಗೇನೂ ಆಗಿಲ್ಲ ಎಂದುಬಿಟ್ಟನಂತೆ.

"ನಂಗೆಂತ ಆಯ್ದು? ಆನು ಆರಾಮಿದ್ದಿ."

ಮುಂದಿನ ವಾಕ್ಯದಲ್ಲಿ, ನಿನಗೆ ಎಲ್ಲಿಂದ ಬಂತು ಎಂದು ಅವಳನ್ನೇ ಕೇಳಿದನಂತೆ. ಕೇಳುವಷ್ಟು ನಾಚಿಕೆಗೆಟ್ಟವನೆಂದು ನನಗೂ ಗೊತ್ತಿರಲಿಲ್ಲ. ಅವಳು ಜಗಳ ಮಾಡಲಿಲ್ಲ. ಬಟ್ಟೆ ತುಂಬಿಕೊಂಡು ಸಿದ್ದಾಪುರದ ತವರಿಗೆ ಹೋದಳು. ಹೋಗುವಾಗ, ನೀನು ಔಷಧ ನುಂಗಿ ಮುಗಿಸಿದ ಮೇಲೆ ಬರುತ್ತೇನೆ, ಇಲ್ಲದಿದ್ದರೆ ಈ ವರದಿಯ ಜೆರಾಕ್ಸನ್ನು ಅಂಗಡಿಯ ಗೋಡೆಗೆ ಅಂಟಿಸುತ್ತೇನೆ ಎಂದು ಹೇಳಿ ಹೋದಳು. ಅವನಿಗೆ ನಾಟಿದ್ದು ರೋಗವಲ್ಲ, ಗೋಡೆ. ಎರಡನೇ ದಿನ ಶಿರಸಿಗೆ ಹೋಗಿ ತೋರಿಸಿಕೊಂಡು ಚೀಟಿ ತಂದ.

ಆ ಚೀಟಿಗೆ ಕೌಂಟರಿನಲ್ಲಿ ಔಷಧ ಕೊಟ್ಟವಳು ನಾನೇ. ಹದಿನಾಲ್ಕು ಮಾತ್ರೆ ಎಣಿಸಿ ಅವನ ಅಂಗೈಗೆ ಹಾಕಿದೆ. ಬೆಳಿಗ್ಗೆ ಎಂಟಕ್ಕೆ ಮತ್ತು ರಾತ್ರಿ ಎಂಟಕ್ಕೆ ಅವಳಿಂದ ವಿಡಿಯೋ ಕಾಲ್ ಬರುತ್ತಿತ್ತು. ಅವನು ಹಿಂದಿನ ಗೋದಾಮಿಗೆ ಹೋಗಿ, ಗ್ಲೂಕೋಸ್ ಪೆಟ್ಟಿಗೆಗಳ ನಡುವೆ ನಿಂತು, ಮಾತ್ರೆ ನುಂಗಿ, ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸುತ್ತಿದ್ದ. ಏಳು ದಿನ, ಹದಿನಾಲ್ಕು ಸಲ. ಬೆಳಗಿನದನ್ನು ನಾನು ಬಾಗಿಲ ಸಂದಿಯಿಂದ ನೋಡಿದ್ದೇನೆ. ಅಷ್ಟು ಸಂತೋಷ ನನಗೆ ಯಾವ ಹಬ್ಬದಲ್ಲೂ ಆಗಿಲ್ಲ. ಯಜಮಾನರಿಗೆ ಎಲ್ಲ ಗೊತ್ತಾಗಿತ್ತು. ಅವರು ಪೇಪರಿನಿಂದ ತಲೆ ಎತ್ತಲಿಲ್ಲ.

ಅವಳು ತಿರುಗಿ ಬಂದಳು. ಮೂರು ತಿಂಗಳ ಮೇಲಿನ ಪರೀಕ್ಷೆಯಲ್ಲಿ ಇಬ್ಬರಲ್ಲೂ ರೋಗ ಇರಲಿಲ್ಲ. ಆಮೇಲೆ ಡಾಕ್ಟರ ಮಾತಿನಂತೆ ಹುಬ್ಬಳ್ಳಿಗೆ ಹೋಗಿ ಗರ್ಭನಾಳಕ್ಕೆ ಬಣ್ಣ ಬಿಟ್ಟು ಎಕ್ಸರೇ ತೆಗೆಸಿದಳು. ಎಡಗಡೆಯ ನಾಳ ಪೂರ್ತಿ ಮುಚ್ಚಿತ್ತು. ಬಲಗಡೆಯದರಲ್ಲಿ ಬಣ್ಣ ಕಷ್ಟಪಟ್ಟು ಇಳಿದಿತ್ತು. ಮಗುವಾಗುವ ಆಸೆ ಬಿಡಬೇಕಿಲ್ಲ, ಆದರೆ ಮುಟ್ಟು ನಿಂತ ದಿನವೇ ಓಡಿ ಬರಬೇಕು, ನಾಳದಲ್ಲೇ ಗರ್ಭ ಕೂತರೆ ಜೀವಕ್ಕೆ ಅಪಾಯ ಎಂದಿದ್ದರು.

ಎಕ್ಸರೇ ಲಕೋಟೆ ಹಿಡಿದುಕೊಂಡು ಅವಳು ಅಂಗಡಿಗೆ ಬಂದಾಗ ಒಂದು ಗಂಟೆಯಾಗಿತ್ತು. ನಾನು ಕೊಡೆ ಕೈಗೆತ್ತಿಕೊಂಡಿದ್ದೆ. ಎದುರಿನ ಬೆಂಚಿನ ಮೇಲೆ ಇಬ್ಬರು ಪೇಪರು ಓದುತ್ತಿದ್ದರು. ಅವಳು ವಿಷಯ ಹೇಳಿ ಮುಗಿಸಿ, ಸ್ಟೂಲಿನ ಮೇಲೆ ಕೂತು ನನ್ನನ್ನೇ ನೋಡಿದಳು.

"ಅಕ್ಕಾ, ನಿಂಗೆ ಇದು ಯಾವಾಗಿಂದ ಗೊತ್ತಿದ್ದಿತ್ತು?"

ಸುಳ್ಳು ಹೇಳಬಹುದಿತ್ತು. ಈ ಊರಿನಲ್ಲಿ ಅದಕ್ಕೆ ಬೇಕಾದಷ್ಟು ಶಬ್ದಗಳಿವೆ. ಎರಡು ವರ್ಷದಿಂದ ಎಂದೆ. ಕನ್ನಡಕ ಮರೆತು ಬಂದ ದಿನದ್ದನ್ನೂ ಹೇಳಿದೆ. ಅವತ್ತೇ ಹೇಳಿದ್ದರೆ ಬಹುಶಃ ಅವಳಿಗೂ ಹದಿನಾಲ್ಕು ಮಾತ್ರೆಯಲ್ಲಿ ಮುಗಿಯುತ್ತಿತ್ತು ಎಂಬುದು ನನಗೆ ಗೊತ್ತಿತ್ತು. ಔಷಧಗಳ ಹೆಸರು ನನ್ನಿಂದಲೇ ಕಲಿತವಳಿಗೂ ಗೊತ್ತಿತ್ತು. ಅವಳು ಮೊಳೆಯಿಂದ ಕತ್ತರಿಯನ್ನು ದಾರ ಸಮೇತ ಬಿಚ್ಚಿ ಲಕೋಟೆಯ ಜೊತೆ ಹಿಡಿದುಕೊಂಡು ಎದ್ದಳು.

"ನಾಳಿಂದ ಊಟಕ್ಕೆ ಮನಿಗೆ ಹೋಗಡ," ಎಂದಳು.

ಈಗ ಊಟದ ಡಬ್ಬಿ ಕಟ್ಟಿಕೊಂಡೇ ಅಂಗಡಿಗೆ ಹೋಗುತ್ತೇನೆ, ಕೌಂಟರಿನ ಹಿಂದೆಯೇ ಕೂತು ತಿನ್ನುತ್ತೇನೆ. ಬೆಂಚಿನವರು ಕಾದು ಕಾದು, ನಾನು ಏಳುವುದಿಲ್ಲವೆಂದು ಖಾತ್ರಿಯಾದ ಮೇಲೆ ಕೆಲವರು ಎದ್ದು ಹೋಗುತ್ತಾರೆ, ಕೆಲವರು ಬೇರೆ ದಾರಿಯಿಲ್ಲದೆ ಬಂದು ಉಷ್ಣ ಎನ್ನುತ್ತಾರೆ. ಅವರಿಗೆ ಆಸ್ಪತ್ರೆಯ ಕೋಣೆ ಎಲ್ಲಿದೆ ಎಂದು ಹೇಳುತ್ತೇನೆ. ಹೆಂಡತಿಯನ್ನೂ ಕರೆದುಕೊಂಡು ಹೋಗಿ ಎಂದು, ಹಿಂದೆ ನಿಂತವರಿಗೆ ಕೇಳಿಸದಷ್ಟು ಮೆಲ್ಲಗೆ ಹೇಳುತ್ತೇನೆ. ಅವರನ್ನು ಕಂಡರೆ ಈಗಲೂ ಹೇಸಿಕೆಯೇ. ಆದರೆ ಹದಿನೇಳು ವರ್ಷ ಅವರು ಆ ಬೆಂಚಿನ ಮೇಲೆ ಕಾಯುತ್ತಿದ್ದದ್ದು ನಾನು ಎದ್ದು ಹೋಗಲೆಂದು, ಮತ್ತು ನಾನು ಒಂದು ದಿನವೂ ತಪ್ಪದೆ, ಹೊತ್ತಿಗೆ ಸರಿಯಾಗಿ ಎದ್ದು ಹೋಗಿದ್ದೆ.